ಪಕ್ಕದ ಮನೆಗೆ ಮಾತ್ರ ಕೇಳುವ ವಾದ್ಯ

ಬೇಸ್ ಗಿಟಾರ್ ಕೊಂಡು ತಂದ ಎರಡನೆಯ ವಾರ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ನನ್ನನ್ನು ತಡೆದರು. “ರಾತ್ರಿ ಹೊತ್ತು ಅದೇನಪ್ಪ ಗ್ರೈಂಡರ್ ಹಾಕ್ತೀಯ?” ಗ್ರೈಂಡರ್ ಅಲ್ಲಜ್ಜಿ, ಗಿಟಾರು ಎಂದೆ. ಅವರು ನಂಬಲಿಲ್ಲ. ಗಿಟಾರ್ ಆದರೆ ಹಾಡು ಕೇಳಿಸಬೇಕು, ತಮಗೆ ಬರೀ ಗೋಡೆ ಗುಂಯ್ ಅನ್ನುವುದು ಕೇಳಿಸುತ್ತದೆ ಎಂದರು. ಒಳಗೆ ಕರೆದು ಅಡುಗೆಮನೆಯ ಗೋಡೆಗೆ ಹೊಡೆದ ಸ್ಟ್ಯಾಂಡ್ ತೋರಿಸಿದರು. ಅದರಲ್ಲಿ ಸಾಲಾಗಿ ನಿಲ್ಲಿಸಿದ ಸ್ಟೀಲ್ ತಟ್ಟೆಗಳು. ನಾನು ಅಲ್ಲೇ ನಿಂತು, ಮೇಲಿದ್ದ ಮಗನಿಗೆ ಫೋನ್ ಮಾಡಿ ಒಂದೊಂದೇ ತಂತಿ ಮೀಟಲು ಹೇಳಿದೆ. ಮೂರು ತಂತಿಗಳಿಗೆ ತಟ್ಟೆಗಳು ಸುಮ್ಮನಿದ್ದವು. ‘ಎ’ ತಂತಿ ಮೀಟಿದ ಕೂಡಲೇ ನಡುವಿನ ಎರಡು ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

ಅದಾಗಿ ಒಂದೂವರೆ ವರ್ಷಕ್ಕೆ ನಮ್ಮ ಹವ್ಯಾಸಿ ತಂಡ ಮೊದಲ ಸಲ ಪಬ್ಬೊಂದರಲ್ಲಿ ನುಡಿಸಿತು. ಯಾರೋ ಫೋನಿನಲ್ಲಿ ಹಿಡಿದ ವಿಡಿಯೊವನ್ನು ಹೆಂಡತಿಗೆ ತೋರಿಸಿದೆ. ಪೂರ್ತಿ ನೋಡಿ, “ಎಲ್ಲ ಚೆನ್ನಾಗಿದೆ, ನೀವು ನುಡಿಸಿದ್ದು ಯಾವುದು?” ಎಂದು ಕೇಳಿದಳು.

ಕೇಳಬೇಕಾದವರಿಗೆ ಕೇಳದೆ, ಬೇಡದವರ ತಟ್ಟೆ ಅಲ್ಲಾಡಿಸುವ ಈ ವಾದ್ಯದ ವಿಚಿತ್ರಕ್ಕೆ ಕಾರಣ ನುಡಿಸುವವನ ಕೈಯಲ್ಲಿಲ್ಲ, ಕೆಳಸ್ವರದ ಸ್ವಭಾವದಲ್ಲಿದೆ. ಯಾವ ವಾದ್ಯ ಕೊಳ್ಳಬೇಕು, ಪೆಟ್ಟಿಗೆ ಏಕೆ ಅಷ್ಟು ಭಾರ, ವೇದಿಕೆಯಲ್ಲಿ ಎಲ್ಲಿ ನಿಲ್ಲಬೇಕು, ಹತ್ತು ಗಂಟೆಗೆ ಪೊಲೀಸರು ಏಕೆ ಬರುತ್ತಾರೆ ಎಂಬ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಮೊದಲು ತಂತಿಯನ್ನೇ ನೋಡೋಣ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಕಂಪಿಸುವುದು ಅದರ ಅರ್ಧದಷ್ಟು, ಅಂದರೆ ಸುಮಾರು 41 ಸಲ. ಹೀಗೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದೇ ಆವರ್ತನ, ಅದರ ಅಳತೆ ಹರ್ಟ್ಜ್. ಅರ್ಧ ಆವರ್ತನವೆಂದರೆ ಸಂಗೀತದ ಭಾಷೆಯಲ್ಲಿ ಒಂದು ಸ್ಥಾಯಿ ಕೆಳಗೆ. ಸ್ವರವನ್ನು ಹೀಗೆ ಇಳಿಸಲು ಮೂರು ದಾರಿಗಳಿವೆ: ತಂತಿಯನ್ನು ಉದ್ದ ಮಾಡಬಹುದು, ಸಡಿಲ ಬಿಡಬಹುದು, ಅದರ ತೂಕ ಹೆಚ್ಚಿಸಬಹುದು. ಬರೀ ಸಡಿಲ ಬಿಟ್ಟರೆ ಅದು ಬಟ್ಟೆ ಒಣಗಿಸುವ ಹಗ್ಗದಂತೆ ಜೋಲುತ್ತದೆ. ಬರೀ ಉದ್ದ ಮಾಡಿದರೆ ಎಡಗೈ ಮುಟ್ಟುವುದಿಲ್ಲ. ಹಾಗಾಗಿ ಬೇಸ್ ಗಿಟಾರಿನಲ್ಲಿ ತಂತಿಯ ಉದ್ದವನ್ನು ಗಿಟಾರಿನ 25 ಅಂಗುಲದ ಆಸುಪಾಸಿನಿಂದ 34 ಅಂಗುಲಕ್ಕೆ ಏರಿಸಿ, ಉಳಿದದ್ದನ್ನು ತೂಕದಿಂದ ಸರಿದೂಗಿಸುತ್ತಾರೆ. ಉಕ್ಕಿನ ಎಳೆಯೊಂದರ ಮೇಲೆ ಇನ್ನೊಂದು ಲೋಹದ ಎಳೆಯನ್ನು ಒತ್ತಾಗಿ ಸುತ್ತಿ ತಂತಿಯನ್ನು ದಪ್ಪ ಮಾಡುತ್ತಾರೆ. ಒಂದೇ ಗಟ್ಟಿ ಸರಳಾದರೆ ಅದು ಬಾಗದೆ ಬೇಸುರಾಗುತ್ತದೆ. ಒಂದೊಂದು ತಂತಿಯಲ್ಲೂ ಹದಿನೆಂಟು–ಇಪ್ಪತ್ತು ಕಿಲೊ ತೂಕ ನೇತುಹಾಕಿದಷ್ಟು ಬಿಗಿತ ಇರುತ್ತದೆ. ಕಲಿಯುವವನ ಬೆರಳ ತುದಿ ಮೊದಲ ತಿಂಗಳು ಬೊಬ್ಬೆ ಬಂದು, ಆಮೇಲೆ ಜಡ್ಡುಗಟ್ಟುವುದು ಈ ಕಾರಣಕ್ಕೆ.

ಈ ಲೆಕ್ಕವನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದವರು ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್. ಅವರಿಗಿಂತ ಮುಂಚೆ, 1930ರ ದಶಕದಲ್ಲೇ, ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ವಿದ್ಯುತ್ ಬೇಸ್ ಮಾಡಿದ್ದರು, ಅದು ಹೆಚ್ಚು ಓಡಲಿಲ್ಲ. ಆಗ ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಕಾರಿನ ಮೇಲೆ ಕಟ್ಟಿಕೊಂಡು ಹೋದರೂ ಡ್ರಮ್ಮಿನ ಮುಂದೆ ಅದರ ದನಿ ಕೇಳುತ್ತಿರಲಿಲ್ಲ. ಪಿಟೀಲಿನಂತೆ ಅದಕ್ಕೂ ಮೆಟ್ಟಿಲಿಲ್ಲ, ಬೆರಳು ಕೂದಲೆಳೆ ಸರಿದರೂ ಅಪಸ್ವರ. 1951ರಲ್ಲಿ ಫೆಂಡರ್ ಹೊರತಂದ ವಾದ್ಯಕ್ಕೆ ವೀಣೆಯಂತೆ ಮೆಟ್ಟಿಲುಗಳಿದ್ದವು. ಸ್ವರ ಕರಾರುವಾಕ್ಕಾಗಿ ಕೂರುತ್ತಿದ್ದುದರಿಂದ ಅದಕ್ಕೆ ‘ಪ್ರಿಸಿಷನ್ ಬೇಸ್’ ಎಂದು ಹೆಸರಿಟ್ಟರು. ಇಂದಿಗೂ ಅಂಗಡಿಯಲ್ಲಿ ಸಿಗುವ ಅಗ್ಗದ ಬೇಸ್‌ಗಳಲ್ಲಿ ಬಹುಪಾಲು ಅದರ ಅಥವಾ 1960ರಲ್ಲಿ ಬಂದ ಅದರ ತಮ್ಮ ‘ಜಾಝ್ ಬೇಸ್’ನ ನಕಲು. ಹೊಸಬರು ನನ್ನನ್ನು ಯಾವುದು ಕೊಳ್ಳಲಿ ಎಂದು ಕೇಳಿದರೆ, ಕತ್ತು ನೆಟ್ಟಗಿರುವುದನ್ನು ಕೊಳ್ಳಿ ಎನ್ನುತ್ತೇನೆ. ಮಿಕ್ಕಿದ್ದು ಆಮೇಲೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಬಹುಪಾಲು ಒಂದೇ ಪ್ರಿಸಿಷನ್ ಬೇಸ್ ಹಿಡಿದು, ತಂತಿ ಹಳೆಯದಾದರೂ ಬದಲಿಸದೆ, ಬಲಗೈಯ ತೋರುಬೆರಳೊಂದರಿಂದಲೇ ಮೀಟಿ ಒಂದು ಯುಗದ ಹಾಡುಗಳಿಗೆ ಅಡಿಪಾಯ ಹಾಕಿದರು. ದನಿ ಬದಲಿಸುವ ಪೆಡಲ್‌ಗಳ ಮೇಲೆ ತಿಂಗಳ ಸಂಬಳ ಸುರಿಯುವ ಮುನ್ನ ಇದನ್ನು ನೆನೆಸಿಕೊಳ್ಳುವುದು ಒಳ್ಳೆಯದು. ನಾನು ಸುರಿದ ಮೇಲೆ ನೆನೆಸಿಕೊಂಡೆ.

ತಂತಿಯ ಕಂಪನ ವಿದ್ಯುತ್ತಾಗುವ ಬಗೆ ಸರಳ. ತಂತಿಯ ಕೆಳಗೆ ಅಯಸ್ಕಾಂತವಿದೆ, ಅದರ ಸುತ್ತ ಕೂದಲಿನಂಥ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿ ಅಲ್ಲಾಡಿದಾಗ ಕಾಂತಕ್ಷೇತ್ರ ಅಲ್ಲಾಡಿ ತಾಮ್ರದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹಳೆಯ ಸೈಕಲ್ಲಿನ ಡೈನಮೊ ದೀಪ ಉರಿಸುತ್ತಿದ್ದುದೂ ಇದೇ ತತ್ವದಿಂದ. ತೊಂದರೆ ಏನೆಂದರೆ, ಈ ಸುರುಳಿಗೆ ತಂತಿಯ ಅಲುಗಾಟಕ್ಕೂ ಗೋಡೆಯೊಳಗಿನ ವೈರಿನಿಂದ ಹೊಮ್ಮುವ ಕಾಂತಕ್ಷೇತ್ರಕ್ಕೂ ವ್ಯತ್ಯಾಸ ತಿಳಿಯದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತಿರುಗುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ‘ಜಿ’ ಸ್ವರ 49 ಹರ್ಟ್ಜ್. ಅಂದರೆ ಭಾರತದ ಕರೆಂಟು ಹೆಚ್ಚುಕಡಿಮೆ ‘ಜಿ’ ಸ್ವರದಲ್ಲಿ ಗುಂಯ್‌ಗುಡುತ್ತಿದೆ. ಅಮೆರಿಕದ್ದು 60 ಹರ್ಟ್ಜ್, ಅದು ‘ಬಿ’ಗೆ ಹತ್ತಿರ. ಅರ್ಥಿಂಗ್ ಸರಿಯಿಲ್ಲದ ಪಬ್ಬಿನಲ್ಲಿ ‘ಜಿ’ ಹಿಡಿದು ನಿಲ್ಲಿಸಿದರೆ, ಗುಂಯ್ ಸದ್ದಿಗೂ ಸ್ವರಕ್ಕೂ ಇರುವ ಆ ಒಂದು ಕಂಪನದ ಅಂತರ ಸೆಕೆಂಡಿಗೊಂದು ಅಲೆಯಾಗಿ ಏರಿಳಿಯುವುದು ಕಿವಿಗೇ ಬೀಳುತ್ತದೆ. ತಂಬೂರಿಯ ಶ್ರುತಿ ಕೂಡಿಸುವವರಿಗೆ ಈ ಅಲೆಯ ಪರಿಚಯ ಚೆನ್ನಾಗಿರುತ್ತದೆ. ಫೆಂಡರ್ 1957ರಲ್ಲಿ ಸುರುಳಿಯನ್ನು ಎರಡು ತುಂಡು ಮಾಡಿ, ಒಂದನ್ನು ಇನ್ನೊಂದಕ್ಕೆ ಉಲ್ಟಾ ಜೋಡಿಸಿದರು. ಹೊರಗಿನಿಂದ ಬರುವ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಅಳಿದುಹೋಗುತ್ತದೆ, ತಂತಿಯ ದನಿ ಉಳಿಯುತ್ತದೆ.

ಅರ್ಥಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ, ದಪ್ಪ ಪಿನ್ ಮುರಿಯುವವರನ್ನು ಕಂಡಿದ್ದೇನೆ. ಆ ಪಿನ್ ಇರುವುದೇ ಜೀವ ಉಳಿಸಲು. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಎರಡರ ನಡುವಿನ ವಿದ್ಯುತ್ ನಮ್ಮ ಮೈ ಮೂಲಕವೇ ಹಾಯುತ್ತದೆ. ಒಮ್ಮೆ ತುಟಿಗೆ ಚುರುಕ್ ಎಂದ ಮೇಲೆ ನಾನು ಕಿಟ್‌ಬ್ಯಾಗಿನಲ್ಲಿ ಹತ್ತಾರು ರೂಪಾಯಿಯ ಟೆಸ್ಟರ್ ಇಟ್ಟುಕೊಂಡೇ ಹೋಗುತ್ತೇನೆ.

ಇನ್ನು ದನಿ ಹಿಗ್ಗಿಸುವ ಆ್ಯಂಪ್ ಪೆಟ್ಟಿಗೆಯ ಭಾರ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳಿಸಿಕೊಳ್ಳುವುದಿಲ್ಲ. ಮಗುವಿನ ಅಳು, ಮಾತಿನ ವ್ಯಂಜನಗಳು ಇರುವ ಸಾವಿರದಿಂದ ನಾಲ್ಕು ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ ಅದು ಬಲು ಚುರುಕು, ಕೆಳಗಿಳಿದಂತೆ ಮಂದ. ಸಾವಿರ ಹರ್ಟ್ಜ್‌ನ ಸದ್ದು ಸೊನ್ನೆ ಡೆಸಿಬೆಲ್ ಹತ್ತಿರದಲ್ಲೇ ಕೇಳಲು ಶುರುವಾದರೆ, 40 ಹರ್ಟ್ಜ್‌ನ ಸದ್ದು ಕಿವಿಗೆ ಬೀಳಬೇಕಾದರೆ ಸುಮಾರು 50 ಡೆಸಿಬೆಲ್ ಬೇಕು. ಆದ್ದರಿಂದ ಗಿಟಾರಿನವನು 30 ವಾಟ್ ವಾಲ್ವ್ ಆ್ಯಂಪ್‌ನಲ್ಲಿ ಪಬ್ ನಡುಗಿಸುವಾಗ ಬೇಸಿನವನಿಗೆ 300 ವಾಟ್ ಬೇಕಾಗುತ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ 300 ವಾಟ್‌ನ ವಾಲ್ವ್ ಆ್ಯಂಪ್ ಸುಮಾರು 40 ಕಿಲೊ ತೂಗುತ್ತಿತ್ತು. ಅದರ ಎಂಟು ಸ್ಪೀಕರುಗಳ ಪೆಟ್ಟಿಗೆ ಇನ್ನೊಂದು ಆಳು, ಎತ್ತಿದರೆ ಗೋದ್ರೆಜ್ ಬೀರು ಎತ್ತಿದ ಹಾಗೆ. ಈಗಿನ ‘ಕ್ಲಾಸ್ ಡಿ’ ಮಾದರಿಯ ಆ್ಯಂಪ್‌ಗಳು ಕರೆಂಟನ್ನು ಶಾಖವಾಗಿ ಅಷ್ಟಾಗಿ ಪೋಲು ಮಾಡುವುದಿಲ್ಲ, ಹಾಗಾಗಿ ಅದೇ ಬಲ ಎರಡು–ಮೂರು ಕಿಲೊದಲ್ಲಿ ಸಿಗುತ್ತದೆ. ನಲವತ್ತು ದಾಟಿ ಸೊಂಟ ನೋವು ಶುರುವಾದ ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಫೋನಿನ ವಿಡಿಯೊದಲ್ಲಿ ನಾನೇಕೆ ಕಾಣೆಯಾದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬೆರಳುಗುರಿನಷ್ಟು ಸ್ಪೀಕರಿಗೆ 41 ಹರ್ಟ್ಜ್ ಸದ್ದು ಹೊರಡಿಸುವಷ್ಟು ಗಾಳಿ ತಳ್ಳಲಾಗದು. ಆದರೆ ತಂತಿ 41ರ ಜೊತೆಗೆ 82, 123, 164 ಹೀಗೆ ಅದರ ಗುಣಕಗಳಲ್ಲೂ ಸಣ್ಣಗೆ ಕಂಪಿಸುತ್ತಿರುತ್ತದೆ. ಮೇಲಿನವುಗಳನ್ನು ಕೇಳಿದ ಮಿದುಳು, ಇವುಗಳ ತಾಯಿ 41 ಇರಲೇಬೇಕೆಂದು ಊಹಿಸಿ ಸ್ವರವನ್ನು ಗುರುತಿಸುತ್ತದೆ. ತಾಯಿಯನ್ನು ಕಾಣದೆ ಮಕ್ಕಳ ಮುಖ ನೋಡಿಯೇ ಮನೆತನ ಹೇಳುವ ಹಾಗೆ. ಚೆನ್ನಾಗಿ ಧ್ವನಿಮುದ್ರಿಸಿದ ಹಾಡಿನ ಬೇಸ್ ಫೋನಿನಲ್ಲೂ ಅಷ್ಟಿಷ್ಟು ತಿಳಿಯುವುದು ಹೀಗೆ. ಪಬ್ಬಿನ ಗದ್ದಲದಲ್ಲಿ ಹಿಡಿದದ್ದರಲ್ಲಿ ಆ ಮಕ್ಕಳೂ ಕಳೆದುಹೋಗುತ್ತವೆ.

ಹಾಗಾದರೆ ಬೇಸ್ ಇಲ್ಲದಿದ್ದರೆ ಏನು ನಷ್ಟ? ಒಂದು ಸಣ್ಣ ಪ್ರಯೋಗ ಹೇಳುತ್ತೇನೆ, ಹಾರ್ಮೋನಿಯಂ ಇದ್ದವರು ಮಾಡಿ ನೋಡಬಹುದು. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ, ಅಂತರ ಗಾಂಧಾರವೇ ಇರಲಿ. ಬೆಳಗಿನಂಥ ತೆರೆದ ದನಿ. ಈಗ ಆ ಮೂರನ್ನು ಕದಲಿಸದೆ ಕೆಳಗಿನ ಸ್ಥಾಯಿಯ ಚತುಶ್ರುತಿ ಧೈವತವನ್ನು ಸೇರಿಸಿ. ಅದೇ ಮೂರು ಸ್ವರಗಳು ಸಂಜೆಯ ಕಡೆ ವಾಲುತ್ತವೆ. ಕರ್ನಾಟಕ ಸಂಗೀತದ ಗ್ರಹಭೇದ ಬಲ್ಲವರಿಗೆ ಇದು ಅಚ್ಚರಿಯಲ್ಲ: ಮೋಹನ ರಾಗದ ಧೈವತವನ್ನೇ ಷಡ್ಜವೆಂದು ಹಿಡಿದರೆ ಅದೇ ಸ್ವರಗಳು ಶುದ್ಧ ಧನ್ಯಾಸಿ ಆಗುತ್ತವೆ, ಗಾಂಧಾರವನ್ನು ಹಿಡಿದರೆ ಹಿಂದೋಳ. ಕಚೇರಿಯಲ್ಲಿ ತಂಬೂರಿ ಕೊನೆಯವರೆಗೂ ಒಂದೇ ನೆಲವನ್ನು ಕಾಯುತ್ತದೆ. ರಾಕ್ ತಂಡದಲ್ಲಿ ಆ ನೆಲ ಬೇಸಿನವನ ಕೈಯಲ್ಲಿದೆ, ಅದನ್ನು ಆತ ಪ್ರತಿ ಸಾಲಿಗೂ ಜರುಗಿಸುತ್ತಾನೆ. ಮೇಲೆ ಹಾಡುವವರು ಇದ್ದಲ್ಲೇ ಇದ್ದರೂ ಕೇಳುಗನಿಗೆ ಭಾವ ಬದಲಾದಂತೆ ತೋರುತ್ತದೆ. ಅದರ ಜೊತೆಗೆ ಆತನ ಸ್ವರ ಡ್ರಮ್ಮಿನ ಕಾಲುಪೆಟ್ಟಿನೊಡನೆ ಸರಿಯಾಗಿ ಒಂದೇ ಗಳಿಗೆಯಲ್ಲಿ ಬೀಳಬೇಕು. ಕೂದಲೆಳೆ ತಡವಾದರೂ ಕುಣಿಯುವವರ ಹೆಜ್ಜೆ ಸಪ್ಪೆಯಾಗುತ್ತದೆ, ಏಕೆಂದು ಅವರಿಗೆ ತಿಳಿಯುವುದಿಲ್ಲ.

ಇಷ್ಟು ಅಧಿಕಾರದ ಕೆಲಸವನ್ನು ಯಾರೂ ಮೊದಲಿಗೆ ಬಯಸಿ ಹಿಡಿಯುವುದಿಲ್ಲ ಎಂಬುದೇ ತಮಾಷೆ. ಬೀಟಲ್ಸ್ ತಂಡದಿಂದ ಸ್ಟುವರ್ಟ್ ಸಟ್‌ಕ್ಲಿಫ್ ಹೊರಟುಹೋದಾಗ, ಬೇರೆ ಯಾರೂ ಒಪ್ಪದ ಕಾರಣ ಪಾಲ್ ಮೆಕಾರ್ಟ್ನಿ ಬೇಸ್ ಹಿಡಿದರು. ನಮ್ಮ ತಂಡದಲ್ಲೂ ಗಿಟಾರಿಗೆ ಇಬ್ಬರಿದ್ದರು, ನಾನು ಮೂರನೆಯವ. ಆದರೆ ಬೆಂಗಳೂರಿನವರಿಗೆ ಬೇಸಿನ ಗೌರವ ಗೊತ್ತಿಲ್ಲ ಎನ್ನುವಂತಿಲ್ಲ. ಈ ಊರಿಗೆ 2002ರಲ್ಲಿ ಬಂದ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬೇಸ್ ವಾದಕ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನ ತುಂಬಿಸಿದ ಐರನ್ ಮೇಡನ್ ತಂಡವನ್ನು ಕಟ್ಟಿದ ಸ್ಟೀವ್ ಹ್ಯಾರಿಸ್ ಕೂಡ ಬೇಸ್ ವಾದಕರೇ. ಇನ್ನೂ ಹಿಂದೆ ಹೋದರೆ, 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಬೇಸ್ ಅಲ್ಲಿ ಬರೀ ತಾಳ ಕುಟ್ಟುವುದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡನ್ನೇ ಹಾಡುತ್ತದೆ.

ನಾವು ಅಭ್ಯಾಸ ಮಾಡುವುದು ಗಂಟೆಗೆ ಬಾಡಿಗೆ ಕೊಡುವ ಜಾಮ್ ರೂಮಿನಲ್ಲಿ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿರುವ ಸಣ್ಣ ಕೋಣೆ. (ಮೊಟ್ಟೆ ಟ್ರೇ ಸಿಂಬಲ್ಲಿನ ಕಿರಿಕಿರಿಯನ್ನು ಚೂರು ತಗ್ಗಿಸಬಹುದು, ಬೇಸನ್ನು ಏನೂ ಮಾಡದು.) ಅಲ್ಲಿ ಪ್ರತಿ ಭಾನುವಾರವೂ ಒಂದೇ ಜಗಳ. ಕೋಣೆಯ ನಡುವೆ ನಿಂತ ಗಾಯಕ ಬೇಸ್ ಕೇಳ್ತಾನೇ ಇಲ್ಲ ಎನ್ನುತ್ತಾನೆ, ಗೋಡೆಗೊರಗಿದ ಗಿಟಾರಿನವನು ಕಿವಿ ಕಿತ್ತು ಬರ್ತಿದೆ ಕಡಿಮೆ ಮಾಡೋ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅದನ್ನು 41ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ಕೋಣೆಯ ಉದ್ದ ನಾಲ್ಕು ಮೀಟರ್ ಚಿಲ್ಲರೆ, ಅಂದರೆ ಸರಿಯಾಗಿ ಅರ್ಧ ಅಲೆ. ಹೋದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಕೂಡಿ, ಗೋಡೆಗಳ ಬಳಿ ಒತ್ತಡ ಹೆಚ್ಚಾಗಿ ನಡುವೆ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ತೊಟ್ಟಿಯ ನೀರನ್ನು ಲಯವಾಗಿ ಅಲುಗಿಸಿದರೆ ಎರಡು ಅಂಚುಗಳಲ್ಲಿ ಏರಿಳಿದು ನಡುವೆ ಸುಮ್ಮನಿರುವ ಹಾಗೆ. ವಾಲ್ಯೂಮ್ ಮುಟ್ಟದೆ, ಗಾಯಕನನ್ನು ಒಂದು ಮೀಟರ್ ಹಿಂದಕ್ಕೆ ಸರಿಸಿದೆವು. ಎರಡು ವರ್ಷದ ಜಗಳ ಮುಗಿಯಿತು.

ಪಬ್ಬಿನ ಕತೆ ಬೇರೆ. ಅಲ್ಲಿ ನಮ್ಮ ಆ್ಯಂಪ್ ನಮಗಾಗಿ ಮಾತ್ರ. ಜನಕ್ಕೆ ಕೇಳುವುದು ಅಲ್ಲಿನ ದೊಡ್ಡ ಸ್ಪೀಕರುಗಳಿಂದ. ಗಿಟಾರಿನ ಕ್ಷೀಣ ಸಂಕೇತ ಮಿಕ್ಸರಿನವರೆಗೆ ಉದ್ದದ ಕೇಬಲ್ಲಿನಲ್ಲಿ ಹೋಗುವಾಗ ದಾರಿಯ ಗದ್ದಲವನ್ನೆಲ್ಲ ಹೊತ್ತುಕೊಳ್ಳುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಅಂಗೈಯಗಲದ ಡಬ್ಬಿ ಇಟ್ಟರೆ ಅದು ಸಂಕೇತವನ್ನು ಎರಡು ಎಳೆಯಲ್ಲಿ, ಒಂದು ನೇರ ಒಂದು ತಲೆಕೆಳಗು ಮಾಡಿ ಕಳಿಸುತ್ತದೆ. ದಾರಿಯ ಗದ್ದಲ ಎರಡಕ್ಕೂ ಒಂದೇ ರೀತಿ ಮೆತ್ತಿಕೊಳ್ಳುವುದರಿಂದ, ಆ ಕಡೆ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಹೋಗಿ ಸಂಕೇತ ಉಳಿಯುತ್ತದೆ. ಗುಂಯ್ ಸದ್ದು ಕಳೆಯಲು ಇದರಲ್ಲಿ ‘ಗ್ರೌಂಡ್ ಲಿಫ್ಟ್’ ಗುಂಡಿಯೂ ಇದೆ. ಪಿನ್ ಮುರಿಯುವ ಬದಲು ಒತ್ತಬೇಕಾದದ್ದು ಅದನ್ನು. ನನ್ನ ಅನುಭವದಲ್ಲಿ ಹವ್ಯಾಸಿ ಕೊಂಡ ವಸ್ತುಗಳಲ್ಲಿ ಖರ್ಚಿಗೆ ತಕ್ಕ ಫಲ ಕೊಟ್ಟದ್ದು ಇದೊಂದೇ.

ಉಳಿದಂತೆ ಗಿಗ್ ಎಂದರೆ ಕಾಯುವುದು. ಆರಕ್ಕೆ ಸೌಂಡ್‌ಚೆಕ್ ಎಂದು ಕರೆದು ಎಂಟೂವರೆಗೆ ಶುರು ಮಾಡಿಸುತ್ತಾರೆ. ಐಪಿಎಲ್ ದಿನಗಳಲ್ಲಿ ಆರ್‌ಸಿಬಿ ಇನ್ನಿಂಗ್ಸ್ ಮುಗಿಯುವ ತನಕ ನಮ್ಮ ಕಡೆ ಯಾರೂ ತಿರುಗುವುದಿಲ್ಲ. ನಮ್ಮ ಸ್ವಂತ ಹಾಡು, ಇಲ್ಲಿನ ತಂಡಗಳ ಭಾಷೆಯಲ್ಲಿ ‘ಓಸಿ’, ನುಡಿಸಿದಾಗ ಜನ ಬಿಲ್ ತರಿಸಿಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತಿರುವ ಹಾಡು ಶುರು ಮಾಡಿದರೆ ಇನ್ನೊಂದು ಜಗ್ ತರಿಸುತ್ತಾರೆ. ಬಂದ ಹಣ ಐದು ಪಾಲಾಗಿ, ನನ್ನ ಪಾಲಿನಲ್ಲಿ ಹೋಗಿಬರುವ ಕ್ಯಾಬ್ ಖರ್ಚು ಕಳೆದರೆ ಒಂದು ಸೆಟ್ ತಂತಿಗೂ ಸಾಲುವುದಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಹವ್ಯಾಸದ ಬೆಲೆ ಅಷ್ಟು.

ನಿಜವಾದ ಸಮಸ್ಯೆ ಇರುವುದು ಪಬ್ಬಿನ ಗೋಡೆಯಾಚೆ. ಗೋಡೆ ಶಬ್ದವನ್ನು ತಡೆಯುವುದು ತನ್ನ ತೂಕದಿಂದ. ಆವರ್ತನ ದುಪ್ಪಟ್ಟಾದಂತೆಲ್ಲ ಆ ತಡೆ ಸುಮಾರು 6 ಡೆಸಿಬೆಲ್ ಏರುತ್ತದೆ, ಅರ್ಧವಾದರೆ ಅಷ್ಟೇ ಇಳಿಯುತ್ತದೆ. ಹಾಗಾಗಿ ಗಾಯಕನ ದನಿ ಗೋಡೆಯಲ್ಲೇ ನಿಂತು ಬೇಸ್ ಮಾತ್ರ ದಾಟಿ ಹೋಗುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಪಬ್‌ಗಳು ಇರುವುದು ತಾರಸಿಯ ಮೇಲೆ, ಒಂದು ಕಡೆ ಗೋಡೆಯೇ ಇಲ್ಲ. ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳಲ್ಲಿ ಪಕ್ಕದ ಕಟ್ಟಡದಲ್ಲಿ ಸಂಸಾರಗಳಿವೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಇದರ ಮೇಲೆ ಬೆಂಗಳೂರಿನಲ್ಲಿ ನೇರ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವಿದೆ. ಅದನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಬಳಿಕ ಆ ವರ್ಷ ಹಲವು ಪಬ್‌ಗಳು ತಂಡಗಳನ್ನು ಕರೆಯುವುದನ್ನೇ ನಿಲ್ಲಿಸಿದವು.

ಆದರೆ ನಿಯಮದಲ್ಲಿರುವ ಡೆಸಿಬೆಲ್ ಯಾವುದು ಎಂಬುದನ್ನು ಗಮನಿಸಬೇಕು. ಅದು ‘ಎ’ ಮಾಪಕದ್ದು. ಕಿವಿ ಕೆಳಸ್ವರಗಳಿಗೆ ಮಂದವಾದ್ದರಿಂದ ಈ ಮಾಪಕವೂ ಅವುಗಳ ಲೆಕ್ಕವನ್ನು ತಗ್ಗಿಸುತ್ತದೆ. 40 ಹರ್ಟ್ಜ್ ಬಳಿ ಸುಮಾರು 35 ಡೆಸಿಬೆಲ್ ಕಡಿತ. ಅಂದರೆ ನಿಜಕ್ಕೂ 80 ಡೆಸಿಬೆಲ್ ಇರುವ ಆಳದ ಗುಡುಗು ಮೀಟರಿನಲ್ಲಿ 45 ಎಂದು ಕಾಣುತ್ತದೆ. ರಾತ್ರಿಯ ವಸತಿ ಮಿತಿಯೊಳಗೇ ಬಂತು. ಲಾರಿ ಹಾರ್ನ್ ಅಳೆಯಲು ಈ ಮಾಪಕ ಸರಿ. ಪಕ್ಕದ ಮನೆಯ ಕಿಟಕಿಯ ಗಾಜು ಅದುರುವುದನ್ನು ಇದು ಬಹುಪಾಲು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾಲೀಕ ಮೀಟರ್ ತೋರಿಸಿ ನಾವು ಮಿತಿಯಲ್ಲಿದ್ದೇವೆ ಎನ್ನುತ್ತಾನೆ, ನಿವಾಸಿ ನಿದ್ದೆ ಇಲ್ಲ ಎನ್ನುತ್ತಾರೆ, ಪೊಲೀಸರು ನಡುವೆ ನಿಂತು ಕೊನೆಗೆ ಎಲ್ಲವನ್ನೂ ಬಂದ್ ಮಾಡಿಸುತ್ತಾರೆ. ನಮ್ಮ ಜಾಮ್ ರೂಮಿನ ಜಗಳದಂತೆ ಇಲ್ಲೂ ಯಾರೂ ಸುಳ್ಳು ಹೇಳುತ್ತಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಂಗೀತವಿರುವ ಜಾಗಗಳಲ್ಲಿ ‘ಎ’ ಜೊತೆಗೆ ‘ಸಿ’ ಮಾಪಕದಲ್ಲೂ ಅಳೆಯಲಿ. ಅದು ಕೆಳಸ್ವರವನ್ನು ಅಷ್ಟಾಗಿ ಕತ್ತರಿಸುವುದಿಲ್ಲ, ಒಳ್ಳೆಯ ಮೀಟರುಗಳಲ್ಲಿ ಎರಡೂ ಇರುತ್ತವೆ. ಎರಡರ ಅಂತರ ದೊಡ್ಡದಿದ್ದರೆ ತೊಂದರೆ ಬೇಸಿನದೆಂದು ಗೊತ್ತಾಗುತ್ತದೆ, ಆಗ ಹಾಡನ್ನು ನಿಲ್ಲಿಸುವ ಬದಲು ಒಂದು ಗುಂಡಿ ತಿರುಗಿಸಬಹುದು. ಪರವಾನಗಿ ಕೊಡುವಾಗ ಕಟ್ಟಡದ ನಕ್ಷೆ ಕೇಳುವವರು ಸ್ಪೀಕರ್ ಯಾವ ಗೋಡೆಗೆ ಒರಗಿದೆ ಎಂದೂ ಕೇಳಲಿ. ಬೇಸಿನವರಾದ ನಾವೂ ಆ್ಯಂಪಿನ ತಳಸ್ವರದ ಗುಂಡಿಯನ್ನು ಅಭಿಮಾನಕ್ಕಾಗಿ ಪೂರ್ತಿ ತಿರುಗಿಸುವುದನ್ನು ಬಿಡಬೇಕು. ಸ್ವರ ತಿಳಿಯುವುದು ಮೇಲಿನ ಗುಣಕಗಳಿಂದಲೇ ಎಂದು ಈಗಾಗಲೇ ನೋಡಿದೆವಲ್ಲ.

ಹೋದ ತಿಂಗಳ ಗಿಗ್‌ನಲ್ಲಿ ಇದನ್ನು ಪ್ರಯತ್ನಿಸಿದೆ. ಸ್ಪೀಕರ್ ಪೆಟ್ಟಿಗೆಯನ್ನು ಮನೆಗಳ ಕಡೆಯ ಗೋಡೆಯಿಂದ ಬಿಡಿಸಿ ಕೌಂಟರ್ ಬದಿಗೆ ತಳ್ಳಿದೆವು, ಕೆಳಗೆ ದಪ್ಪ ರಬ್ಬರ್ ಚಾಪೆ ಹಾಸಿದೆವು, 50 ಹರ್ಟ್ಜ್‌ಗಿಂತ ಕೆಳಗಿನದನ್ನು ಮಿಕ್ಸರಿನಲ್ಲಿ ಕತ್ತರಿಸಲು ಹೇಳಿದೆ. ಹತ್ತು ಗಂಟೆಗೆ ಐದು ನಿಮಿಷವಿರುವಾಗ ಮ್ಯಾನೇಜರ್ ಬಂದು, ಇವತ್ತು ಹಿಂದಿನ ಮನೆಯವರು ಫೋನ್ ಮಾಡಲಿಲ್ಲ ಸರ್, ಎಂದರು. ಮುಂದಿನ ಮೇಜಿನ ಹುಡುಗ ಮಾತ್ರ ಎದ್ದು ಹೋಗುವಾಗ ನನ್ನ ಬಳಿ ನಿಂತು, “ಬ್ರೋ, ನಿಮ್ಮದು ಆನ್ ಆಗಿತ್ತಾ?” ಎಂದ.